ಪದ ಪರಿಚಯ: ಗಮನದ ಮಾರುಕಟ್ಟೆ

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜು ನೋಡಿದ್ದೀರಾ? 15 ಕೆಜಿ ಬಾಕ್ಸ್‌ಗಳು ಸಾಲಾಗಿ ಕೂತಿರುತ್ತವೆ. ಒಬ್ಬರು ಬೆಲೆ ಕೂಗುತ್ತಾ ಹೋಗುತ್ತಾರೆ, ವ್ಯಾಪಾರಿಗಳು ಏರಿಸುತ್ತಾ ಹಿಂದೆ ಬರುತ್ತಾರೆ. ಬೆಳೆದ ರೈತ ಅಲ್ಲೇ, ತನ್ನ ಮಾಲಿನ ಪಕ್ಕ ನಿಂತಿರುತ್ತಾನೆ.

ಇಂಥದ್ದೇ ಹರಾಜು ನಮ್ಮ ಫೋನಿನೊಳಗೂ ನಡೆಯುತ್ತದೆ. ಅಲ್ಲಿನ ಮಾಲು ನಮ್ಮ ಗಮನ. ಅಟೆನ್ಷನ್ ಎಕಾನಮಿ ಅಂತ ಇದಕ್ಕೆ ಹೆಸರು. ಮಂಡಿ ನೋಡಿ ಬೆಳೆದ ನಮಗೆ 'ಗಮನದ ಮಾರುಕಟ್ಟೆ' ಅಂದರೆ ಬೇಗ ತಿಳಿಯುತ್ತದೆ.

'ಗಮನ' ಅಂದರೆ ಮೂಲದಲ್ಲಿ ಹೋಗುವುದು. ಆಗಮನ, ನಿರ್ಗಮನದಲ್ಲಿ ಇರುವುದೂ ಇದೇ ಪದ. ಕನ್ನಡದಲ್ಲಿ ಅದು ಮನಸ್ಸು ಹೋಗುವುದಕ್ಕೆ ನಿಂತಿತು. ನಮ್ಮ ಹಳ್ಳಿಗಳಲ್ಲಿ ಇದನ್ನೇ 'ಗ್ಯಾನ' ಅನ್ನುತ್ತಾರೆ: "ನಿನ್ ಗ್ಯಾನ ಎಲ್ಲೈತೆ?" ಗಮನವನ್ನು ನಾವು ಕೊಡುತ್ತೇವೆ, ಬೇರೆಯವರು ಸೆಳೆಯುತ್ತಾರೆ. ಈ ಎರಡು ಕ್ರಿಯಾಪದ ಒಂದೇ ಅಲ್ಲ, ಅಲ್ವಾ?

ಅರ್ಥಶಾಸ್ತ್ರಜ್ಞ ಹರ್ಬರ್ಟ್ ಸೈಮನ್ 1971ರಲ್ಲೇ ಈ ವಿಚಾರ ಹೇಳಿದ್ದರು. ಮಾಹಿತಿ ತಿನ್ನುವುದು ನಮ್ಮ ಗಮನವನ್ನು. ಮಾಹಿತಿ ಜಾಸ್ತಿಯಾದಷ್ಟೂ ಗಮನಕ್ಕೆ ಬರ ಬರುತ್ತದೆ. ಬರ ಬಂದದ್ದಕ್ಕೆ ಬೆಲೆ ಏರುತ್ತದೆ. ಹಾಗಾಗಿಯೇ ನೀವು ಒಂದು ಪುಟ ತೆರೆದ ಕ್ಷಣದಲ್ಲೇ, ನಿಮಗೆ ಯಾರ ಜಾಹೀರಾತು ತೋರಿಸಬೇಕು ಅಂತ ಕಂಪ್ಯೂಟರ್‌ಗಳು ಹರಾಜು ಕೂಗಿ ಮುಗಿಸಿರುತ್ತವೆ. ಕಣ್ಣು ಮಿಟುಕಿಸುವಷ್ಟರಲ್ಲಿ! ಮಂಡಿಯ ರೈತನಿಗೆ ಇವತ್ತಿನ ರೇಟು ಗೊತ್ತಿರುತ್ತದೆ. ನಮಗೆ ಹರಾಜು ನಡೆದದ್ದೇ ಗೊತ್ತಾಗುವುದಿಲ್ಲ.

ಗಮನ ಸೆಳೆಯುವುದು ಹೊಸದಲ್ಲ. ತುಮಕೂರು ಜಿಲ್ಲೆಯಲ್ಲಿ 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ಕುರುಕ್ಷೇತ್ರ ನಾಟಕಕ್ಕೆ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಜನ ಬೆರಗಾಗಲಿ ಅಂತಲೇ ತಂದದ್ದು. ಆದರೆ ಅಲ್ಲಿ ಟಿಕೆಟ್ ಕೊಂಡವನು ಗಿರಾಕಿ. ಈಗ ಬಿಟ್ಟಿ ನೋಡುವ ನಾವೇ ಸರಕು.

ಸರಕಾದ ಮೇಲೆ ನಮ್ಮನ್ನು ಎಷ್ಟು ಹೊತ್ತು ಹಿಡಿದಿಟ್ಟರೆ ಅಷ್ಟು ಲಾಭ. 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧವಾಯಿತು. ಮರುತಿಂಗಳೇ ಇಲ್ಲಿ ರೀಲ್ಸ್ ಬಂತು. ಆ್ಯಪ್ ಹೋದರೂ ಅಭ್ಯಾಸ ಹೋಗಲಿಲ್ಲ. ಮೊದಲ ಎರಡು ಮೂರು ಸೆಕೆಂಡಿನಲ್ಲಿ ಹಿಡಿಯದಿದ್ದರೆ ಬೆರಳು ಮುಂದಕ್ಕೆ ಹೋಗುತ್ತದೆ. ಹಾಗಾಗಿ ಹಾಡಿನಲ್ಲಿ ಕುಣಿಯುವ ತುಂಡು ಮಾತ್ರ ಉಳಿಯುತ್ತದೆ, ಮಾತಿನಲ್ಲಿ ಕೂಗು ಉಳಿಯುತ್ತದೆ.

ನಮ್ಮ ಕಡೆ ಹಬ್ಬ, ಜಾತ್ರೆಗಳಲ್ಲಿ ಊರವರೇ ಬಣ್ಣ ಹಚ್ಚಿ ಈಗಲೂ ಕುರುಕ್ಷೇತ್ರ ಆಡುತ್ತಾರೆ. ಬೆಳಗಿನ ಜಾವದವರೆಗೂ ನಡೆಯುತ್ತದೆ. ದುರ್ಯೋಧನ ಒಂದು ಕಂದಪದ್ಯ ಎತ್ತಿಕೊಂಡರೆ ಹಾರ್ಮೋನಿಯಂ ಮೇಷ್ಟ್ರು ರಾಗವನ್ನು ನಿಧಾನಕ್ಕೆ ಬೆಳೆಸುತ್ತಾರೆ. ಯಾರಿಗೂ ಅವಸರ ಇಲ್ಲ. ಅಜ್ಜಿ ತೂಕಡಿಸುತ್ತಾಳೆ, ಭೀಮ ಬಂದಾಗ ಮಗು ಎಬ್ಬಿಸುತ್ತದೆ. ಅಲ್ಲಿ ಗಮನ ಒಬ್ಬೊಬ್ಬರದ್ದಲ್ಲ, ಇಡೀ ಊರಿನದ್ದು. ಅದನ್ನು ಒಬ್ಬೊಬ್ಬರಿಂದ ಬಿಡಿಸಿ ಮಾರಲು ಆಗುವುದಿಲ್ಲ. ನನಗೆ ಇದು ಬಹಳ ದೊಡ್ಡ ವಿಷಯ ಅನಿಸುತ್ತದೆ.

ಪದ್ಯ ಚೆನ್ನಾಗಿ ಬಂದರೆ ಚಾಪೆಯ ಮೇಲಿಂದ ಯಾರೋ "ಒನ್ಸ್ ಮೋರ್!" ಅಂತ ಕೂಗುತ್ತಾರೆ. ಆಗ ಮೇಷ್ಟ್ರು ಮತ್ತೆ ಶ್ರುತಿ ಹಿಡಿಯುತ್ತಾರೆ. ರೀಲ್ ಹಾಗಲ್ಲ. ಯಾರೂ ಕೇಳದೆ ಇದ್ದರೂ ಮುಗಿದ ಕೂಡಲೇ ತಾನೇ ಮತ್ತೆ ಶುರುವಾಗುತ್ತದೆ.