ಸ್ಪ್ರಿಂಕ್ಲರ್ ಪೈಪಿನ ನೀರನ್ನು ಆಗಾಗ ಬದಲಿಸಬೇಕೇ?

ಪ್ರಶ್ನೆ: ಕಟ್ಟಡದಲ್ಲಿ ಬೆಂಕಿ ನಂದಿಸಲು ಅಳವಡಿಸಿದ ಸ್ಪ್ರಿಂಕ್ಲರ್ ವ್ಯವಸ್ಥೆಯನ್ನು ಪರೀಕ್ಷಿಸುವಾಗ ಕಪ್ಪು ನೀರು ಬರುತ್ತದೆ. ತುಕ್ಕು ಹಿಡಿಯದಂತೆ ಕೆಲವು ತಿಂಗಳಿಗೊಮ್ಮೆ ಪೂರ್ತಿ ಖಾಲಿ ಮಾಡಿ ಹೊಸ ನೀರು ತುಂಬಿದರೆ ಸಾಕೇ?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಇದನ್ನು ಎಷ್ಟು ಬಾರಿ ವಿವರಿಸಿದರೂ ಹಳೆಯ ನೀರು ಪೈಪಿಗೆ ಕೆಟ್ಟದ್ದು, ಹೊಸ ನೀರು ಒಳ್ಳೆಯದು ಎಂಬ ನಂಬಿಕೆ ಮಾತ್ರ ಅಲುಗಾಡುವುದಿಲ್ಲ. ಕುಡಿಯುವ ನೀರಿನ ಮಟ್ಟಿಗೆ ಸರಿಯಾದ ಈ ಮಾತು ಉಕ್ಕಿನ ಪೈಪಿನೊಳಗೆ ತಲೆಕೆಳಗಾಗುತ್ತದೆ.

ತುಕ್ಕು ಹಿಡಿಯಲು ನೀರೊಂದೇ ಸಾಲದು, ಮುಖ್ಯವಾಗಿ ಆಮ್ಲಜನಕ ಬೇಕು. ಮುಚ್ಚಿದ ಪೈಪಿನಲ್ಲಿ ನಿಂತ ನೀರಿನ ಆಮ್ಲಜನಕವು ಕಬ್ಬಿಣದೊಡನೆ ಕೂಡಿ ತೀರಿಹೋದ ಮೇಲೆ ತುಕ್ಕಿನ ವೇಗ ಬಹಳಷ್ಟು ತಗ್ಗುತ್ತದೆ. ನೀವು ಕಂಡ ಕಪ್ಪು ನೀರು ಸಾಮಾನ್ಯವಾಗಿ ಹೀಗೆ ಆಮ್ಲಜನಕ ಕಳೆದುಕೊಂಡ ನೀರೇ. ಅದನ್ನು ಚೆಲ್ಲಿ ಹೊಸದನ್ನು ತುಂಬಿದಾಗ, ನಿಂತುಹೋಗುತ್ತಿದ್ದ ಕ್ರಿಯೆಗೆ ನಾವೇ ಮತ್ತೆ ಉಣಿಸಿದಂತಾಗುತ್ತದೆ.

ಲೆಕ್ಕ ಹಾಕಿ ನೋಡೋಣ. ಗಾಳಿಗೆ ತೆರೆದುಕೊಂಡಿದ್ದ ನೀರಿನಲ್ಲಿ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಕರಗಿರುತ್ತದೆ. 1,000 ಲೀಟರಿಗೆ 8 ಗ್ರಾಂ. ಒಂದು ಗ್ರಾಂ ಆಮ್ಲಜನಕವು ಸುಮಾರು 2.3 ಗ್ರಾಂ ಕಬ್ಬಿಣವನ್ನು ಕೆಂಪು ತುಕ್ಕಾಗಿಸಬಲ್ಲದು, ಅಂದರೆ ಇಲ್ಲಿ ಹೋಗುವುದು 18 ಗ್ರಾಂ. ಆದರೆ ತುಂಬುವಾಗ ಪೈಪಿನಲ್ಲಿದ್ದ ಗಾಳಿಯ ಪೈಕಿ 100 ಲೀಟರಿನಷ್ಟು ಹೊರಹೋಗದೆ ಎತ್ತರದ ಕೊಳವೆಗಳಲ್ಲಿ ಸಿಕ್ಕಿಕೊಂಡರೆ, ಅದರಲ್ಲೇ 27 ಗ್ರಾಂನಷ್ಟು ಆಮ್ಲಜನಕವಿದ್ದು, ಇನ್ನೂ 60 ಗ್ರಾಂ ಕಬ್ಬಿಣ ಕರಗಲು ಅವಕಾಶವಾಗುತ್ತದೆ. ಈ ನಷ್ಟ ಪೈಪಿನ ಉದ್ದಕ್ಕೂ ಸಮನಾಗಿ ಹಂಚಿಹೋಗಿದ್ದರೆ ಚಿಂತೆಯಿರಲಿಲ್ಲ. ಅದು ಗಾಳಿಯೂ ನೀರೂ ಸೇರುವ ಅಂಚಿನಲ್ಲೇ ಒತ್ತಾಗಿ ನಡೆಯುತ್ತದೆ. ಸೋರಿದ ಪೈಪನ್ನು ಸೀಳಿ ನೋಡಿದರೆ ಆ ಅಂಚಿನುದ್ದಕ್ಕೂ ತುಕ್ಕಿನ ಗಂಟುಗಳ ಸಾಲು ಕಾಣುತ್ತದೆ. ಒಂದು ಗಂಟನ್ನು ಕೆರೆದು ತೆಗೆದರೆ ಅದರಡಿಯಲ್ಲಿ ಗುಂಡಿ, ಗುಂಡಿಯ ತಳದಲ್ಲಿ ಸೂಜಿಮೊನೆಯಷ್ಟು ರಂಧ್ರ. ಉಳಿದ ಪೈಪು ಬಹುಮಟ್ಟಿಗೆ ಗಟ್ಟಿಯಾಗಿಯೇ ಇರುತ್ತದೆ.

ಆದ್ದರಿಂದ ಮೊದಲು ಹೊರಹಾಕಬೇಕಾದದ್ದು ಗಾಳಿಯನ್ನು. ಎನ್‌ಎಫ್‌ಪಿಎ 13 ಎಂಬ, ಸ್ಪ್ರಿಂಕ್ಲರ್ ಅಳವಡಿಕೆಗೆ ಅಮೆರಿಕದ ಅಗ್ನಿಸುರಕ್ಷತಾ ಸಂಸ್ಥೆ ರೂಪಿಸಿದ ಮಾನದಂಡದ 2016ರ ಆವೃತ್ತಿಯು ನೀರು ತುಂಬಿಟ್ಟ ಲೋಹದ ಪೈಪಿನ ವ್ಯವಸ್ಥೆಗಳಿಗೆ ಗಾಳಿ ಬಿಡುವ ವಾಲ್ವ್ ಬೇಕೆಂದು ಹೇಳಿದ್ದು ಇದೇ ಕಾರಣಕ್ಕೆ. ದುರಸ್ತಿಗಾಗಿ ಖಾಲಿ ಮಾಡಲೇಬೇಕಾದಾಗ, ಆ ವಾಲ್ವನ್ನು ತೆರೆದಿಟ್ಟುಕೊಂಡು ನಿಧಾನವಾಗಿ ತುಂಬಿರಿ. ನಿಯಮಿತ ಪರೀಕ್ಷೆಗಳನ್ನು ಮಾತ್ರ ಬಿಡಬಾರದು. ಅವುಗಳಲ್ಲಿ ಬಹುಪಾಲಿಗೆ ಇಡೀ ವ್ಯವಸ್ಥೆಯನ್ನು ಬರಿದು ಮಾಡಬೇಕಾಗಿಯೇ ಇಲ್ಲ. ನೀರು ಕೊಳೆತ ಮೊಟ್ಟೆಯಂತೆ ನಾರುತ್ತಿದ್ದರೆ ಬ್ಯಾಕ್ಟೀರಿಯಾ ಇರುವ ಸಾಧ್ಯತೆಯುಂಟು. ಆಗ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿ, ಅಲ್ಲಿಯ ವರದಿ ನೋಡಿಯೇ ಚಿಕಿತ್ಸೆ ನಿರ್ಧರಿಸಬೇಕು.

ಯಾರೂ ಕೇಳದಿದ್ದರೂ ಇನ್ನೊಂದು ವಿಷಯವನ್ನು ಹೇಳಲೇಬೇಕು. ನೀರಿನ ಬದಲು ಒತ್ತಡದ ಗಾಳಿ ತುಂಬಿಡುವ ಒಣ ವ್ಯವಸ್ಥೆಯಲ್ಲಿ, ಸತು ಲೇಪಿಸಿದ ಜಿಐ ಪೈಪ್ ಹಾಕಿದರೆ ತುಕ್ಕಿನ ಗೊಡವೆಯಿಲ್ಲ ಎಂದು ಹಲವರು ನೆಮ್ಮದಿಯಿಂದಿರುತ್ತಾರೆ. ವಾಸ್ತವದಲ್ಲಿ ಪರೀಕ್ಷೆಯ ನಂತರ ತಗ್ಗಿನಲ್ಲಿ ಉಳಿದ ನೀರು, ಕಂಪ್ರೆಸರ್ ಒತ್ತುತ್ತಲೇ ಇರುವ ತಾಜಾ ಗಾಳಿ, ಇವೆರಡೂ ಸೇರಿದಲ್ಲಿ ಲೇಪ ಸ್ಥಳೀಯವಾಗಿ ಸವೆದು, ಬರಿದಾದ ಚುಕ್ಕೆಯಲ್ಲಿ ತುಕ್ಕು ಉಕ್ಕನ್ನು ಆಳಕ್ಕೆ ಕೊರೆಯುತ್ತದೆ. ಅಲ್ಲಿ ಪೈಪಿಗೆ ಸರಿಯಾದ ಇಳಿಜಾರು ಕೊಟ್ಟು, ಪರೀಕ್ಷೆಯಾದ ಮೇಲೆ ತಗ್ಗಿನ ಡ್ರೈನ್‌ಗಳಿಂದ ನೀರನ್ನು ಪೂರ್ತಿ ಇಳಿಸಿ, ಗಾಳಿಯ ಬದಲು 98 ಶೇಕಡಾ ಅಥವಾ ಅದಕ್ಕೂ ಹೆಚ್ಚು ಶುದ್ಧ ಸಾರಜನಕ ತುಂಬುವುದೇ ಲೇಪಕ್ಕಿಂತ ಹೆಚ್ಚು ನಂಬಬಹುದಾದ ರಕ್ಷಣೆ.