ಬುಡಕ್ಕೆ ಗುಳಿಗೆ ಹಾಕಿದರೆ ಬಳ್ಳಾರಿ ಜಾಲಿ ಸಾಯುತ್ತದೆಯೇ?

ಪ್ರಶ್ನೆ: ನಮ್ಮದು ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕು. ಊರ ಗಾಯರಾಣದ (ಗೋಮಾಳದ) ತುಂಬ ಬಳ್ಳಾರಿ ಜಾಲಿ. ಎಷ್ಟು ಕಡಿದರೂ ಮಳೆಗಾಲಕ್ಕೆ ಮತ್ತೆ ಮೊದಲಿನಷ್ಟೇ. ಅಮೆರಿಕದಲ್ಲಿ ನೆಲಕ್ಕೆ ಗುಳಿಗೆ ಔಷಧ ಚೆಲ್ಲಿ ಪೊದೆಗಳನ್ನು ಬೇರುಸಹಿತ ಸಾಯಿಸುವ ವಿಡಿಯೊ ನೋಡಿದೆ. ನಾವೂ ಹಾಗೆ ಮಾಡಬಹುದೇ?

ಬೇಡ. ವಿಡಿಯೊ ಸುಳ್ಳಲ್ಲ. ಆದರೆ ನಿಮ್ಮ ಮಣ್ಣು ಬೇರೆ, ಗಿಡವೂ ಬೇರೆ.

ಅಲ್ಲಿನ ಹುಲ್ಲುಗಾವಲುಗಳಿಗೆ ಚೆಲ್ಲುವ ಇಂಥ ಗುಳಿಗೆಗಳಲ್ಲಿ ಹೆಸರಾದದ್ದು ಟೆಬುಥಿಯುರಾನ್. ಅದು ಮಳೆಗೆ ಕರಗಿ, ಮಣ್ಣಿಗೆ ಇಳಿದು, ಬೇರಿನ ಮೂಲಕ ಎಲೆಗೆ ಏರಿ, ಗಿಡ ತನ್ನ ಆಹಾರ ತಯಾರಿಸುವುದನ್ನೇ ತಡೆಯುತ್ತದೆ. ಎಲೆ ಹಳದಿಯಾಗಿ ಉದುರುತ್ತದೆ. ಗಿಡ ಮತ್ತೆ ಚಿಗುರುತ್ತದೆ, ಮತ್ತೆ ಉದುರಿಸುತ್ತದೆ. ಬೇರಿನಲ್ಲಿ ಕೂಡಿಟ್ಟದ್ದೆಲ್ಲ ಖಾಲಿಯಾಗುವವರೆಗೂ ಇದೇ ನಡೆಯುತ್ತದೆ. ಎರಡು ಮೂರು ವರ್ಷ ಹಿಡಿದರೂ ಹಿಡಿಯಿತು. ವಿಡಿಯೊದಲ್ಲಿ ಇಷ್ಟು ಕಾಯುವುದನ್ನು ಯಾರೂ ತೋರಿಸುವುದಿಲ್ಲ.

ಮಣ್ಣಿನಲ್ಲಿ ಜೇಡಿ ಹೆಚ್ಚಿದ್ದಷ್ಟೂ ಔಷಧ ಮಣ್ಣಿಗೇ ಅಂಟಿಕೊಳ್ಳುತ್ತದೆ, ಬೇರಿಗೆ ಸಿಗುವುದು ಕಡಿಮೆ. ನಮ್ಮ ಎರೆಭೂಮಿಯ ಕಪ್ಪು ಮಣ್ಣಿನಲ್ಲಿ ಜೇಡಿಯೇ ಹೆಚ್ಚು, ಅದು ನಿಮಗೆ ಗೊತ್ತೇ ಇದೆ. ಪ್ರಮಾಣ ಹೆಚ್ಚಿಸೋಣವೆಂದರೆ ಉಳಿಸಬೇಕಾದ ಹುಲ್ಲೇ ಹೋಗುತ್ತದೆ. ಇನ್ನು ಗಿಡದ ಮಾತು: ಬಳ್ಳಾರಿ ಜಾಲಿಯ ದಾಯಾದಿ ಮೆಸ್ಕೀಟ್ ಟೆಕ್ಸಾಸ್‌ನಲ್ಲಿ ಹಬ್ಬಿದೆ. ಅದರ ಮೇಲೆ ಈ ಗುಳಿಗೆ ಅಷ್ಟಾಗಿ ನಡೆಯುವುದಿಲ್ಲ. ಅಲ್ಲಿಯವರೇ ಅದಕ್ಕೆ ಬೇರೆ ಔಷಧ ಬಳಸುತ್ತಾರೆ.

ಬೀದರ್‌ನ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ತೊಂದರೆ ತಿರುವುಮುರುವು. ಅಲ್ಲಿ ನೀರು ಸಲೀಸಾಗಿ ಕೆಳಗಿಳಿಯುತ್ತದೆ. ನೆಲದಡಿ ಸುರಂಗ ಕೊರೆದು ನೀರು ಹರಿಸುವ, ಬಹಮನಿ ಕಾಲದ ನೌಬಾದ್ ಸುರಂಗ ಬಾವಿಗೆ ಆಧಾರವೇ ಆ ಗುಣ. ನೀರಿನೊಂದಿಗೆ ಔಷಧವೂ ಅಂತರ್ಜಲದತ್ತ ಇಳಿಯುತ್ತದೆ, ಅದೂ ಒಂದು ಮಳೆಗಾಲಕ್ಕೆ ಮುಗಿಯದೆ ವರ್ಷಗಟ್ಟಲೆ ಉಳಿಯುವ ಔಷಧ.

ಕಬ್ಬಿನ ಕಳೆಗೆ ಬಳಸುವ, ಹೆಕ್ಸಾಜಿನೋನ್ ಎಂಬ ಕಳೆನಾಶಕ ಬೆರೆತ ಔಷಧವೂ ಬೇರಿನಿಂದ ಏರುವಂಥದ್ದೇ. ಅದನ್ನು ತಂದು ಜಾಲಿಯ ಬುಡಕ್ಕೆ ಸುರಿಯಬೇಡಿ. ಅದರ ಲೇಬಲ್‌ನಲ್ಲಿ ಬಳಕೆ ಹೇಳಿರುವುದು ಕಬ್ಬಿಗೆ. ಅಲ್ಲದೆ ಪಕ್ಕದ ಬೇವಿನ ಬೇರು ಬದುವಿನ ಗಡಿ ನೋಡಿಕೊಂಡು ಬೆಳೆದಿರುವುದಿಲ್ಲ.

ಕಡಿದ ಜಾಲಿ ಚಿಗುರುವುದು ನೆಲದೊಳಗಿನ ಬುಡದಲ್ಲಿರುವ ಕಣ್ಣುಗಳಿಂದ. ಮೇಲೆ ಕೊಡಲಿ ಹಾಕಿದರೆ ಒಂದು ಕಾಂಡದ ಜಾಗದಲ್ಲಿ ಹತ್ತು ಬರುತ್ತವೆ. ಸುಮಾರು ಒಂದು ಅಡಿ ಅಗೆದು, ಆ ಬುಡದ ಕೆಳಗೆ ಬೇರು ಕತ್ತರಿಸಬೇಕು. ಎರೆಭೂಮಿ ಬೇಸಿಗೆಯಲ್ಲಿ ಕಲ್ಲು, ಜೋರು ಮಳೆಯಲ್ಲಿ ಕೆಸರು. ಮೊದಲ ಮಳೆ ಬಿದ್ದು ನೆಲ ಹದಕ್ಕೆ ಬಂದ ಕೆಲವೇ ದಿನಗಳಲ್ಲಿ ಜೆಸಿಬಿಯೋ ಹಾರೆಯೋ ಇಳಿಯಬೇಕು. ಗಾಯರಾಣ ನಿಮ್ಮ ಸ್ವಂತದ್ದಲ್ಲ, ಮೊದಲು ಪಂಚಾಯಿತಿಯಲ್ಲಿ ಕೇಳಿ.

ಕಿತ್ತ ಮೇಲೂ ಕೆಲಸ ಮುಗಿಯುವುದಿಲ್ಲ. ಸಿಹಿ ಕಾಯಿ ತಿಂದ ದನ, ಕುರಿಗಳ ಸಗಣಿ, ಹಿಕ್ಕೆಯಲ್ಲಿ ಬೀಜ ಜೀವಂತವಾಗಿ ಬಂದು ಬೀಳುತ್ತದೆ. ಗೇಣುದ್ದದ ಸಸಿ ಮೊದಲ ಮಳೆಗಾಲದಲ್ಲಿ ಕೈಯಲ್ಲೇ ಕಿತ್ತು ಬರುತ್ತದೆ, ಮರುವರ್ಷ ಅದಕ್ಕೂ ಹಾರೆ ಬೇಕು.