ಟಿಆರ್‌ಪಿ ಬಿದ್ದಾಗಷ್ಟ ಹೀರೋನ್ನ ಕರಸ್ತಾರೇನ್ರಿ?

ಈ ಪ್ರಶ್ನೆಗೆ ಉತ್ತರ ಕೊಡುತ್ತಿರುವುದು ಎಷ್ಟನೇ ಸಲವೋ, ಲೆಕ್ಕ ಇಟ್ಟಿಲ್ಲ. ಗದಗಿನಿಂದ ಬಂದಿದೆ, ರಾಣೆಬೆನ್ನೂರಿನಿಂದ ಬಂದಿದೆ. ಹೋದ ವಾರ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸು ನವನಗರ ದಾಟುವಷ್ಟರಲ್ಲಿ ಪಕ್ಕದ ಸೀಟಿನವರೊಬ್ಬರು ಗುರುತು ಹಿಡಿದು ಅದನ್ನೇ ಕೇಳಿದರು: “ಸರ, ಈ ಕಾಮಿಡಿ ಸೀರಿಯಲ್‌ದಾಗ ನಡುವ ಒಬ್ಬ ಸಿನಿಮಾ ಹೀರೋ ಬಂದು ಹತ್ತು ನಿಮಿಷ ನಿಂತು ಹೋಗ್ತಾನಲ್ರಿ, ಟಿಆರ್‌ಪಿ ಬಿದ್ದಾಗಷ್ಟ ಕರಸ್ತಾರಂತ. ಖರೇ ಏನ್ರಿ? ಮತ್ತ ಎಷ್ಟು ರೊಕ್ಕ ಕೊಡ್ತಾರ?”

ಇಲ್ಲಿ ಎರಡು ಪ್ರಶ್ನೆ ಇವೆ. ರೊಕ್ಕದ್ದು ಸಣ್ಣದು, ಆಮೇಲೆ ನೋಡೋಣ. ಮೊದಲನೆಯದು ಪ್ರಶ್ನೆಯೇ ಅಲ್ಲ. ಕೇಳುವವರು ಉತ್ತರ ಕಟ್ಟಿಕೊಂಡೇ ಬಂದಿರುತ್ತಾರೆ, ನಾನು ಹೂಂ ಅನ್ನಬೇಕಷ್ಟೇ. ಇಪ್ಪತ್ತು ವರ್ಷದಿಂದ ನಾನು ಹೂಂ ಅಂದಿಲ್ಲ, ಇವತ್ತೂ ಅನ್ನುವುದಿಲ್ಲ.

ಅಮೆರಿಕದ ‘ಐ ಲವ್ ಲೂಸಿ’ಯಿಂದಲೇ ಶುರು ಮಾಡುತ್ತೇನೆ. ಮನೆ, ಗಂಡ-ಹೆಂಡತಿ, ನೆರೆಮನೆಯವರು, ಎದುರಿಗೆ ಕೂತು ನಗುವ ಜನ, ಮೂರು ಕ್ಯಾಮೆರಾ: ಸಿಟ್‌ಕಾಮ್, ಅಂದರೆ ಅದೇ ಮಂದಿ ಕಂತು ಕಂತಿಗೂ ಬಂದು ನಗಿಸುವ ಕಾಮಿಡಿ ಸೀರಿಯಲ್, ತೆಗೆಯುವ ಈ ರೀತಿ ಗಟ್ಟಿಯಾಗಿ ನೆಲೆಯೂರಿದ್ದು ಅಲ್ಲಿ. 1951ರಿಂದ 1957ರವರೆಗೆ ಆರು ಸೀಸನ್ ಬಂತು. ಅದರಲ್ಲಿ ನಾಲ್ಕು ಸೀಸನ್ ಇಡೀ ದೇಶದಲ್ಲಿ ನಂಬರ್ ಒನ್. ನಾಲ್ಕನೇ ಸೀಸನ್ನಿನಲ್ಲಿ ಕತೆ ಹಾಲಿವುಡ್‌ಗೆ ಹೋಯಿತು, ಸಿನಿಮಾದವರು ಸಾಲುಗಟ್ಟಿ ಬಂದರು. 1955ರ ಫೆಬ್ರುವರಿಯಲ್ಲಿ ವಿಲಿಯಂ ಹೋಲ್ಡನ್ ಬಂದ. ಅದರ ಹಿಂದಿನ ವರ್ಷವಷ್ಟೇ ಆಸ್ಕರ್ ಗೆದ್ದಿದ್ದ ನಟ ಅವನು. ಅದೇ ಸೀಸನ್ನಿನಲ್ಲಿ ಸಿನಿಮಾ ಹಾಸ್ಯನಟ ಹಾರ್ಪೊ ಮಾರ್ಕ್ಸ್ ಕೂಡ ಬಂದ. ಆ ಸೀಸನ್ ಎಷ್ಟನೇ ಸ್ಥಾನದಲ್ಲಿತ್ತು? ಮೊದಲನೆಯದು. ಎಲ್ಲಿ ಬಿದ್ದಿತ್ತ್ರೀ ಟಿಆರ್‌ಪಿ?

‘ಅದು ಹಳೇ ಮಾತು’ ಅನ್ನುವವರಿಗೆ ‘ಆಲ್ ಇನ್ ದ ಫ್ಯಾಮಿಲಿ’. ಮನೆಯಲ್ಲಿ ಕುರ್ಚಿ ಬಿಟ್ಟೇಳದ, ಕರಿಯರನ್ನು ಕಂಡರಾಗದ ಆರ್ಚಿ ಬಂಕರ್ ಎಂಬ ಮುದುಕನ ಕತೆ. 1972ರ ಫೆಬ್ರುವರಿ 19ರಂದು ಅವನ ಮನೆಗೆ ಕಪ್ಪು ವರ್ಣದ ಗಾಯಕ ಸ್ಯಾಮಿ ಡೇವಿಸ್ ಜೂನಿಯರ್ ಬರುತ್ತಾನೆ, ಸ್ಯಾಮಿ ಡೇವಿಸ್ ಆಗಿಯೇ. ಆರ್ಚಿಯ ಟ್ಯಾಕ್ಸಿಯಲ್ಲಿ ಬ್ಯಾಗು ಮರೆತಿರುತ್ತಾನೆ, ಅದನ್ನು ಒಯ್ಯಲು ಬಂದದ್ದು. ಹೋಗುವಾಗ ಫೋಟೋ ತೆಗೆಸಿಕೊಳ್ಳಲು ಪಕ್ಕದಲ್ಲಿ ನಿಂತವನು, ಕ್ಯಾಮೆರಾ ಕ್ಲಿಕ್ ಅನ್ನುವ ಹೊತ್ತಿಗೆ ಸರಿಯಾಗಿ ಆರ್ಚಿಯ ಕೆನ್ನೆಗೆ ಮುತ್ತು ಕೊಟ್ಟುಬಿಡುತ್ತಾನೆ. ಆ ಸೀಸನ್ನಿನಲ್ಲೂ ಆ ಧಾರಾವಾಹಿಯೇ ದೇಶಕ್ಕೆ ಮೊದಲು. ಡೇವಿಸ್ ಬಂದದ್ದು ಅದನ್ನು ಎತ್ತಿ ನಿಲ್ಲಿಸಲಿಕ್ಕಲ್ಲ, ಅವನೇ ಅದರ ಅಭಿಮಾನಿ.

ಇನ್ನು ‘ಫ್ರೆಂಡ್ಸ್’. ಇದನ್ನು ನಿಮ್ಮ ಮನೆಯ ಕಾಲೇಜು ಹುಡುಗರು ಮೊಬೈಲಿನಲ್ಲಿ ಇವತ್ತಿಗೂ ನೋಡುತ್ತಾರೆ, ಅವರನ್ನೇ ಕೇಳಿ. 1996ರ ಜನವರಿ 28ರಂದು, ಅಮೆರಿಕನ್ ಫುಟ್‌ಬಾಲಿನ ಫೈನಲ್ ಆದ ಸೂಪರ್ ಬೌಲ್ ಪಂದ್ಯ ಮುಗಿದ ಕೂಡಲೇ ಬಂದ ಕಂತಿನಲ್ಲಿ ಜೂಲಿಯಾ ರಾಬರ್ಟ್ಸ್ ಇದ್ದಳು, ಜಾನ್ ಕ್ಲೋಡ್ ವಾನ್ ಡ್ಯಾಮ್ ಇದ್ದ. ನೋಡಿದವರು ಸುಮಾರು 5 ಕೋಟಿ 29 ಲಕ್ಷ. ಆಗ ‘ಫ್ರೆಂಡ್ಸ್’ಗೆ ಎರಡನೇ ಸೀಸನ್, ಏರುಜವ್ವನ. ‘ಬಿಗ್ ಬ್ಯಾಂಗ್ ಥಿಯರಿ’ ಎಂಬ ಸಿಟ್‌ಕಾಮಿನಲ್ಲಿ ವಿಜ್ಞಾನಿ ಸ್ಟೀಫನ್ ಹಾಕಿಂಗ್ 2012ರಲ್ಲಿ ಕಾಣಿಸಿಕೊಂಡಾಗಲೂ ಅದು ಮನೆಮಾತೇ.

ಹಾಗಂತ ಬಿದ್ದಾಗ ಯಾರೂ ಕರೆಸುವುದೇ ಇಲ್ಲ ಅಂತಲ್ಲ. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ, ನಿರ್ಮಾಪಕನೂ ಮನುಷ್ಯನೇ. ಆದರೆ ಕರೆಯುವವನ ಕಡೆಯಿಂದಷ್ಟೇ ಯೋಚಿಸುತ್ತೀರಿ, ಬರುವವನ ಕಡೆಯಿಂದ ಒಮ್ಮೆ ನೋಡಿ. ಹೆಸರು ಮಾಡಿದ ನಟ ತನ್ನ ಒಂದು ದಿನ ಬಿಟ್ಟು ಬರುತ್ತಾನೆ ಅಂದರೆ ಎಲ್ಲಿಗೆ ಬರುತ್ತಾನೆ? ಜನ ಕೂತಿರುವಲ್ಲಿಗೆ. ಖಾಲಿ ಟೆಂಟಿನಲ್ಲಿ ಕುಣಿಯುವ ಹಂಬಲ ಯಾರಿಗಿದೆ? ಬಿದ್ದ ಧಾರಾವಾಹಿಗೆ ಸ್ಟಾರ್ ಬೇಕಿರಬಹುದು, ಸ್ಟಾರ್‌ಗೆ ಬಿದ್ದ ಧಾರಾವಾಹಿ ಬೇಡ. ಇಷ್ಟು ಹೇಳಿದರೂ ಮುಂದಿನ ವಾರ ಮತ್ತೊಬ್ಬರು “ಅದಿರಲ್ರಿ, ಆದ್ರೂ...” ಅಂತ ಶುರು ಮಾಡುತ್ತಾರೆ.

ಈ ನಂಬಿಕೆ ಇಷ್ಟು ಗಟ್ಟಿ ಏಕೆ ಅಂತ ನನಗೆ ಗೊತ್ತು. ಇದು ಟೀವಿಯಿಂದ ಬಂದದ್ದಲ್ಲ, ನಮ್ಮ ಜಾತ್ರೆಯಿಂದ ಬಂದದ್ದು. ಗರುಡ ಸದಾಶಿವರಾಯರ ನಾಟಕ ಮಂಡಳಿ ಮೆರೆದ ಗದಗ ನಮ್ಮದು, ಶಿರಹಟ್ಟಿ ವೆಂಕೋಬರಾಯರ ಸೀಮೆ ನಮ್ಮದು. ಕಂಪನಿ ನಾಟಕದ ಲೆಕ್ಕ ನಮ್ಮ ರಕ್ತದಲ್ಲೇ ಇದೆ. ಕ್ಯಾಂಪು ಹಾಕಿ ಹದಿನೈದು ದಿನ ಆಯಿತು, ಕಲೆಕ್ಷನ್ ಇಳಿಯಿತು, ಮಾಲೀಕ ಏನು ಮಾಡುತ್ತಾನೆ? ಬೆಂಗಳೂರಿನಿಂದ ಒಬ್ಬ ಸಿನಿಮಾ ನಟನನ್ನು ಕರೆಸುತ್ತಾನೆ. ಗಾಡಿಗೆ ಮೈಕು ಕಟ್ಟಿ ಓಣಿ ಓಣಿ ತಿರುಗಿಸುತ್ತಾನೆ. ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗಿ ನೋಡಿ, ಇವತ್ತಿಗೂ ನಾಟಕದ ಬೋರ್ಡಿನ ಮೇಲೆ ಅತಿಥಿ ಕಲಾವಿದರ ಮುಖವೇ ದೊಡ್ಡದು. ಅಲ್ಲಿ ನಿಮ್ಮ ಮಾತು ನೂರಕ್ಕೆ ನೂರು ಸತ್ಯ. ಏಕೆಂದರೆ ಅಲ್ಲಿ ಸಂಜೆ ಆರಕ್ಕೆ ಟಿಕೆಟು ಹರಿದರೆ ರಾತ್ರಿ ಹನ್ನೆರಡಕ್ಕೆ ಪೆಟ್ಟಿಗೆ ತೂಕ ಗೊತ್ತಾಗುತ್ತದೆ.

ಟೀವಿಗೆ ಆ ಪೆಟ್ಟಿಗೆ ಇಲ್ಲ. ನೀವು ಧಾರಾವಾಹಿಗೆ ಟಿಕೆಟು ತೆಗೆಸಿಲ್ಲ. ಚಾನೆಲ್ಲು ಬದುಕುವುದು ಜಾಹೀರಾತಿನ ಮೇಲೆ, ಜಾಹೀರಾತಿನ ದರ ನಿಲ್ಲುವುದು ಅಳತೆಯ ಮೇಲೆ. ಅಮೆರಿಕದಲ್ಲಿ ನೀಲ್ಸನ್ ಕಂಪನಿ ಬಹಳ ಕಾಲ ವರ್ಷಕ್ಕೆ ನಾಲ್ಕು ತಿಂಗಳು, ಅಂದರೆ ನವೆಂಬರ್, ಫೆಬ್ರುವರಿ, ಮೇ, ಜುಲೈ, ಊರೂರಿನ ಮನೆಗಳಿಗೆ ಡೈರಿ ಕಳಿಸಿ ಯಾರು ಏನು ನೋಡಿದರು ಅಂತ ಬರೆಸಿಕೊಳ್ಳುತ್ತಿತ್ತು. ಅದಕ್ಕೆ ‘ಸ್ವೀಪ್ಸ್’ ಅನ್ನುತ್ತಿದ್ದರು. ಊರಿನ ಸ್ಟೇಷನ್ನುಗಳ ಜಾಹೀರಾತು ದರ ಆ ಡೈರಿ ನೋಡಿ ಗೊತ್ತಾಗುತ್ತಿತ್ತು. ಈಗ ಮೇಲಿನ ತಾರೀಖುಗಳನ್ನು ಮತ್ತೊಮ್ಮೆ ಓದಿ. ಹೋಲ್ಡನ್: ಫೆಬ್ರುವರಿ. ಸ್ಯಾಮಿ ಡೇವಿಸ್: ಫೆಬ್ರುವರಿ. ‘ಫ್ರೆಂಡ್ಸ್’ಗೆ ಬ್ರಾಡ್ ಪಿಟ್ ಬಂದದ್ದು 2001ರ ನವೆಂಬರಿನಲ್ಲಿ, ಬ್ರೂಸ್ ವಿಲ್ಲಿಸ್ ಬಂದದ್ದು 2000ದ ಏಪ್ರಿಲ್ ಕೊನೆ ಮತ್ತು ಮೇ ತಿಂಗಳಲ್ಲಿ. ಸಾಹೇಬರು ಇನ್‌ಸ್ಪೆಕ್ಷನ್ನಿಗೆ ಬರುವ ವಾರ ಸಾಲಿ ಗೋಡೆಗೆ ಸುಣ್ಣ ಬೀಳುತ್ತದಲ್ಲ, ಹಾಗೆ. ಗೋಡೆ ಬಿದ್ದಿತ್ತು ಅಂತ ಸುಣ್ಣ ಹೊಡೆಯುವುದಿಲ್ಲ.

ನಮ್ಮ ದೇಶದಲ್ಲಿ ಆ ಸ್ವೀಪ್ಸ್ ತಿಂಗಳುಗಳೂ ಇಲ್ಲ. ಟಿಆರ್‌ಪಿ ಅಳೆಯುವ ಬಾರ್ಕ್ ಸಂಸ್ಥೆಯವರು ಮೀಟರು ಕೂಡಿಸಿದ ಮನೆಗಳಿಂದ ವಾರಕ್ಕೊಮ್ಮೆ ಲೆಕ್ಕ ಕೊಡುತ್ತಾರೆ, ಗುರುವಾರ ಗುರುವಾರ. ಹಾಗಾಗಿ ಇಲ್ಲಿ ಸ್ಟಾರ್ ಬರುವ ದಿನವನ್ನು ನಿಗದಿ ಮಾಡುವುದು ಗುರುವಾರವಲ್ಲ, ಶುಕ್ರವಾರ. ಯಾವ ಶುಕ್ರವಾರ ಅವರ ಸಿನಿಮಾ ಬಿಡುಗಡೆಯೋ ಅದರ ಹಿಂದಿನ ವಾರ ಅವರು ಯಾವುದೋ ಧಾರಾವಾಹಿಯ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿರುತ್ತಾರೆ. ಹಿಂದಿಯ ‘ತಾರಕ್ ಮೆಹ್ತಾ ಕಾ ಉಲ್ಟಾ ಚಶ್ಮಾ’ 2008ರಿಂದ ನಡೆದಿದೆ. ಅದರ ಗೋಕುಲಧಾಮ ಸೊಸೈಟಿಗೆ ಬಂದುಹೋದ ಸಿನಿಮಾದವರ ಸಾಲು ಉದ್ದ. ನಮ್ಮಲ್ಲಿ 2015ರಲ್ಲಿ ಶುರುವಾದ ‘ಮಜಾ ಟಾಕೀಸ್’ ಕಟ್ಟಾ ಸಿಟ್‌ಕಾಮ್ ಅಲ್ಲ, ಆದರೂ ಅಲ್ಲಿನ ಸೋಫಾದ ಮೇಲೆ ಕೂರುವ ಅತಿಥಿಗಳಲ್ಲಿ ಹೆಚ್ಚಿನವರು ಹೊಸ ಸಿನಿಮಾ ತಂಡದವರೇ. ಮುಂದಿನ ಸಲ ಕಾಮಿಡಿ ಧಾರಾವಾಹಿಯಲ್ಲಿ ಹೀರೋ ಕಂಡರೆ ಟಿಆರ್‌ಪಿ ಹುಡುಕಬೇಡಿ, ಟಾಕೀಸಿನ ಮುಂದೆ ಯಾರ ಕಟೌಟ್ ಏಳುತ್ತಿದೆ ನೋಡಿಕೊಂಡು ಬನ್ನಿ.

ಇನ್ನೊಂದು ಮಾತು. ನಮ್ಮ ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ ನೆನಪಿವೆಯಲ್ಲ? ಯಾವ ಅತಿಥಿ ಬಂದಿದ್ದ ಅಂತ ನಿಮ್ಮ ಮನೆಯವರನ್ನು ಕೇಳಿ, ತಲೆ ಕೆರೆದುಕೊಳ್ಳುತ್ತಾರೆ. ಪಾಂಡುವನ್ನು ಕೇಳಿ, ಲಲ್ಲಿಯನ್ನು ಕೇಳಿ, ಧ್ವನಿ ಸಮೇತ ಮಾಡಿ ತೋರಿಸುತ್ತಾರೆ. ದೂರದರ್ಶನದ ‘ಸಿಹಿಕಹಿ’ ಮುಗಿದು ಎಷ್ಟೋ ಕಾಲವಾಯಿತು, ಚಂದ್ರು ಇವತ್ತಿಗೂ ಸಿಹಿಕಹಿ ಚಂದ್ರುನೇ. ಸಿಟ್‌ಕಾಮ್ ನಿಲ್ಲುವುದು ದಿನಾ ಬರುವವರ ಹೆಗಲ ಮೇಲೆ.

ಈಗ ರೊಕ್ಕ. ಸಿನಿಮಾ ಪ್ರಚಾರಕ್ಕೆ ಬಂದವರದು ಕೊಡು-ಕೊಳ್ಳು: ಸಿನಿಮಾದವರಿಗೆ ಪುಕ್ಕಟೆ ಪ್ರಚಾರ, ಧಾರಾವಾಹಿಯವರಿಗೆ ಪುಕ್ಕಟೆ ಮುಖ. ಅಮೆರಿಕದಲ್ಲಿ ಒಂದು ಕಂತಿನ ಅತಿಥಿ ನಟರಿಗೆ ‘ಟಾಪ್ ಆಫ್ ಶೋ’ ಅನ್ನುವ ಕಟ್ಟುದರ ಇದೆ, ಹೆಸರು ದೊಡ್ಡದಾದರೂ ಬಹಳ ಸಲ ಅಷ್ಟೇ. ಬ್ರೂಸ್ ವಿಲ್ಲಿಸ್ ಕತೆ ಇನ್ನೂ ಮಜಾ. ‘ಫ್ರೆಂಡ್ಸ್’ನ ಮ್ಯಾಥ್ಯೂ ಪೆರ್ರಿ ಜೊತೆ ಒಂದು ಸಿನಿಮಾ ಮಾಡಿದ್ದ, ಅದು ಬಿಡುಗಡೆಯಾದಾಗ ಮೊದಲ ಸ್ಥಾನಕ್ಕೆ ಬರುತ್ತದೋ ಇಲ್ಲವೋ ಅಂತ ಇಬ್ಬರೂ ಪಂಥ ಕಟ್ಟಿದರು. ಬಂತು. ವಿಲ್ಲಿಸ್ ಸೋತ. ಸೋತದ್ದಕ್ಕೆ ‘ಫ್ರೆಂಡ್ಸ್’ನಲ್ಲಿ ನಟಿಸಿ ಸಂಭಾವನೆಯನ್ನು ದಾನಕ್ಕೆ ಕೊಟ್ಟ. ಅದೇ ಪಾತ್ರಕ್ಕೆ 2000ದಲ್ಲಿ ಎಮ್ಮಿ, ಅಂದರೆ ಅಮೆರಿಕದ ಟೀವಿಯ ದೊಡ್ಡ ಪ್ರಶಸ್ತಿಯೂ ಬಂತು. ಬಾಬ್ ನ್ಯೂಹಾರ್ಟ್ ಅಂತ ಒಬ್ಬ ಹಾಸ್ಯನಟ, ಜೀವನವಿಡೀ ಸಿಟ್‌ಕಾಮಿನಲ್ಲೇ ದುಡಿದವನು. ಅವನಿಗೆ ಮೊದಲ ಎಮ್ಮಿ ಸಿಕ್ಕಿದ್ದು 2013ರಲ್ಲಿ, 84ನೇ ವಯಸ್ಸಿನಲ್ಲಿ, ಅದೂ ‘ಬಿಗ್ ಬ್ಯಾಂಗ್ ಥಿಯರಿ’ಗೆ ಅತಿಥಿಯಾಗಿ ಹೋಗಿದ್ದಕ್ಕೆ.

ಬಸ್ಸಿನಲ್ಲಿ ಕೇಳಿದವರು ಇಲ್ಲಿಗೆ ಸಮಾಧಾನವಾಗಿ ಇಳಿದುಹೋದರು. ಆದರೆ ನಿಜವಾಗಿ ಕೇಳಬೇಕಾದ ಪ್ರಶ್ನೆಯನ್ನು ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ: ಅತಿಥಿ ಬಾಗಿಲಲ್ಲಿ ಕಂಡ ಕೂಡಲೇ ಚಪ್ಪಾಳೆ ಬೀಳುತ್ತದಲ್ಲ, ಆ ಹೊತ್ತಿನಲ್ಲಿ ಉಳಿದ ನಟರು ಏನು ಮಾಡುತ್ತಿರುತ್ತಾರೆ?

ಜನರೆದುರು ತೆಗೆಯುವ ಸಿಟ್‌ಕಾಮಿನಲ್ಲಿ ಅದು ದೊಡ್ಡ ಕಸರತ್ತು. ಚಪ್ಪಾಳೆ ಎಷ್ಟು ಹೊತ್ತು ಅಂತ ಸ್ಕ್ರಿಪ್ಟಿನಲ್ಲಿ ಬರೆದಿರುವುದಿಲ್ಲ. ಅದರ ಮೇಲೆ ಮಾತಾಡಿದರೆ ಮಾತು ಸತ್ತಿತು. ಸುಮ್ಮನೆ ನಿಂತರೆ ಪಾತ್ರ ಸತ್ತಿತು. ಸ್ಯಾಮಿ ಡೇವಿಸ್ ಮುತ್ತು ಕೊಟ್ಟಾಗ ಜನ ನಕ್ಕ ನಗು ನಿಲ್ಲುವುದೇ ಇಲ್ಲ. ಅಷ್ಟೂ ಹೊತ್ತು ಆರ್ಚಿ ಆಗಿದ್ದ ಕ್ಯಾರೊಲ್ ಓ'ಕಾನರ್ ಮುಖ ನೋಡಿ. ಅತಿಥಿ ಮಾಡಿದ್ದು ಒಂದು ಕ್ಷಣದ ಕೆಲಸ, ಅದನ್ನು ದಡ ಮುಟ್ಟಿಸಿದ್ದು ಮನೆಯವನ ಮುಖ.

ಇದನ್ನು ನಾನು ಕಲಿತದ್ದು ಟೀವಿಯಲ್ಲಲ್ಲ. ಸಣ್ಣವನಿದ್ದಾಗ ಹಾವೇರಿ ಕಡೆಯ ಒಂದು ಜಾತ್ರೆಗೆ ನಮ್ಮ ಕಾಕಾ ಕರೆದುಕೊಂಡು ಹೋಗಿದ್ದರು. ಕಂಪನಿಯ ಹೆಸರು ಬೇಡ, ಬಂದ ನಟರ ಹೆಸರೂ ಬೇಡ. ಬೋರ್ಡಿನಲ್ಲಿ ಅವರ ಮುಖ ಎತ್ತಿನ ಬಂಡಿಯಷ್ಟಿತ್ತು. ಬಂದದ್ದು ಎರಡನೇ ಅಂಕಕ್ಕೆ. ಕಪ್ಪು ಕನ್ನಡಕ ಹಾಕಿಕೊಂಡೇ ರಂಗದ ಮೇಲೆ ಬಂದರು, ಸಿಳ್ಳೆಗೆ ತಗಡು ಹಾರಿತು. ಅವರಿಗೆ ಮಾತು ಮರೆತಿತ್ತು. ಸಿಳ್ಳೆ ನಿಂತರೆ ಅದು ಎಲ್ಲರಿಗೂ ತಿಳಿಯುತ್ತದೆ ಅಂತ ಗೊತ್ತಿದ್ದದ್ದು ಒಬ್ಬನಿಗೇ, ಕಂಪನಿಯ ಹಾಸ್ಯದವನಿಗೆ. ಆಳಿನ ಪಾತ್ರ, ಕೈಯಲ್ಲಿ ನೀರಿನ ತಂಬಿಗೆ. ಅವನು ತಂಬಿಗೆ ಎತ್ತಿ ಸಾಹುಕಾರನ ಪಾತ್ರದಲ್ಲಿದ್ದ ಆ ನಟರ ಕನ್ನಡಕದೊಳಗೆ ಹಣಿಕಿ ತನ್ನ ತಲೆ ಬಾಚಿಕೊಳ್ಳತೊಡಗಿದ. ಜನ ಮತ್ತೆ ಹೊಯ್ದರು. ಅವನು ಇನ್ನೊಂದು ಸಲ ಹಣಿಕಿ, ಈ ಸಲ ಮೀಸೆ ತಿರುವಿದ. ಅಷ್ಟರಲ್ಲಿ ಸೈಡ್ ವಿಂಗಿನಿಂದ ಯಾರೋ ಮಾತು ಎತ್ತಿಕೊಟ್ಟರು, ನಟರು ಒಂದೇ ಉಸಿರಿನಲ್ಲಿ ಸಿನಿಮಾದ ಡೈಲಾಗು ಹೊಡೆದರು, ಟೆಂಟು ಎದ್ದು ನಿಂತಿತು.

ಹಾಸ್ಯದವನು ಆಗಷ್ಟೇ ಒಂದು ಹೆಜ್ಜೆ ಹಿಂದೆ ಸರಿದು, ಯಾರೂ ನೋಡುತ್ತಿಲ್ಲ ಅಂದುಕೊಂಡು, ತಂಬಿಗೆಯ ನೀರು ತಾನೇ ಕುಡಿದ.